ಪುಕ್ಕಟೆ ಡ್ರಾಯಿಂಗಿಗೆ ಸಹಿ ಹಾಕ್ಲ್ಯೊ ಬ್ಯಾಡೊ?

ಪ್ರಶ್ನೆ: ಸರ್ ನಮಸ್ಕಾರ್ರಿ. ನಾ ಬಿಇ ಸಿವಿಲ್, ಹುಬ್ಬಳ್ಯಾಗ ಸೈಟ್ ಎಂಜಿನಿಯರ್ ಅದೀನಿ. ನಮ್ಮೂರಾಗ ಹಿರ್ಯಾರೆಲ್ಲ ಕೂಡಿ ಪಟ್ಟಿ ಎತ್ತಿ ಸಮುದಾಯ ಭವನ ಕಟ್ಟಬೇಕಂತ ಮಾಡ್ಯಾರ, "ಊರ ಹುಡುಗ ಎಂಜಿನಿಯರ್ ಅದಾನ, ಡ್ರಾಯಿಂಗ್ ಮಾಡಿ ಸಹಿ ಹಾಕಿ ಕೊಡ್ಲಿ, ಸೇವಾ ಆಗ್ತದ" ಅಂತ ನಮ್ಮಪ್ಪನ ಬೆನ್ನ ಹತ್ಯಾರ. ಒಬ್ಬ ದೋಸ್ತ ಅಂತಾನ, ಇಂಡಿಯಾದಾಗ ಎಂಜಿನಿಯರ್‌ಗೆ ಲೈಸೆನ್ಸೇ ಇಲ್ಲ, ಸುಮ್ನ ಸಹಿ ಒಗದ್ ಬಾ ಅಂತ. ಇನ್ನೊಬ್ಬ ಮೊದ್ಲ ಚಾರ್ಟರ್ಡ್ ಎಂಜಿನಿಯರ್ ಆಗು ಅಂತಾನ. ಏನ್ ಮಾಡ್ಲಿ?
ಓದುಗ, ರೋಣ ತಾಲೂಕು

ಉತ್ತರ: ದೋಸ್ತರಿಬ್ರೂ ಅರ್ಧರ್ಧ ಹೇಳ್ಯಾರ ತಮ್ಮಾ. ಆರ್ಕಿಟೆಕ್ಟ್‌ಗಳಿಗೆ 1972ರ ಕಾಯ್ದೆ ಐತಿ, ಆರ್ಕಿಟೆಕ್ಚರ್ ಕೌನ್ಸಿಲ್‌ನಾಗ ಹೆಸರು ನೋಂದಾಯಿಸದ ಹೊರತು ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕ್ಕೊಳ್ಳಾಕ ಬರೂದಿಲ್ಲ, ಎಂಜಿನಿಯರ್‌ಗಳಿಗೆ ಇಡೀ ದೇಶಕ್ಕ ಅಂಥಾ ಒಂದು ಕಾಯ್ದೆ ಇಲ್ಲ, ಅದು ಖರೆ. ಅಮೆರಿಕಾದಾಗ ಆದ್ರ ರಾಜ್ಯಕ್ಕೊಂದು ಬೋರ್ಡ್ ಇರ್ತದ, ಮೊದ್ಲ ಎಫ್‌ಇ ಅನ್ನೋ ಮೂಲ ವಿಷಯದ ಪರೀಕ್ಷಾ, ಆಮ್ಯಾಲೆ ಸಾಮಾನ್ಯ ನಾಕು ವರ್ಷ ಅನುಭವ, ಆಮ್ಯಾಲೆ ಪಿಇ (ಪ್ರೊಫೆಷನಲ್ ಎಂಜಿನಿಯರ್) ಪರೀಕ್ಷಾ, ಅದೆಲ್ಲ ಪಾಸಾದ್ರನ ಡ್ರಾಯಿಂಗ್ ಮ್ಯಾಲೆ ಸೀಲ್ ಒತ್ತೋ ಹಕ್ಕು. ನಮ್ಮಲ್ಲಿ ಹಂಗಿಲ್ಲ ಅಂದಕೂಡ್ಲೆ ಯಾರ್ ಬೇಕಾದವ್ರು ಸಹಿ ಹಾಕಬಹುದು ಅಂತಲ್ಲ. ಹುಬ್ಬಳ್ಳಿ-ಧಾರವಾಡದಾಗ ಮನಿ ನಕಾಶೆ ಪಾಸ್ ಆಗಬೇಕಾದ್ರ ಪಾಲಿಕೆ ಪಟ್ಟ್ಯಾಗಿರೋ ಎಂಜಿನಿಯರ್ ಸಹಿನ ಬೇಕು. ಚಾರ್ಟರ್ಡ್ ಅನ್ನೋದು ಬ್ಯಾರೇನ, ಅದನ್ನ ಕೊಡೋದು 1920ರಾಗ ಶುರುವಾಗಿ 1935ಕ್ಕ ರಾಯಲ್ ಚಾರ್ಟರ್ ಪಡದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್, ಅಲ್ಲಿ ಮೆಂಬರ್ ಆಗಿ ತಗೊಳ್ಳಬಹುದು, ವ್ಯಾಲ್ಯುಯೇಷನ್‌ಗೆ (ಆಸ್ತಿ ಬೆಲಿ ಕಟ್ಟೋದಕ್ಕ) ಅಂತ ಕೇಳೋರು ಭಾಳ ಮಂದಿ, ಮಾಡಿಸ್ಕೋರಿ, ಛಲೋನ ಆಗ್ತದ. ಆದ್ರ ಆ ಸರ್ಟಿಫಿಕೇಟ್ ಬಂತಂತ ಸೈಟ್ ನೋಡ್ಕೊಳ್ಳೋರಿಗೆ ಸ್ಲ್ಯಾಬ್ ಡಿಸೈನ್ ಬಂದುಬಿಡೂದಿಲ್ಲಲ್ರಿ.

ನೀವು ಕೇಳಬೇಕಾದ ಪ್ರಶ್ನೆ ಲೈಸೆನ್ಸಿಂದಲ್ಲ. ಸ್ಟ್ರಕ್ಚರಲ್ ಡಿಸೈನ್, ಅಂದ್ರ ಪಾಯಾ, ಕಂಬ, ಸ್ಲ್ಯಾಬ್ ಎಷ್ಟು ಭಾರ ತಡೀಬೇಕಂತ ಲೆಕ್ಕ ಹಾಕೋದು, ನಿಮ್ಮ ದಿನದ ಕೆಲಸ ಏನು? ಅಲ್ಲಂದ್ರ ಸಹಿ ಬ್ಯಾಡ. ರೊಕ್ಕ ತಗೊಂಡಿಲ್ಲ ಅನ್ನೋದು ಕೋರ್ಟಿನಾಗ ನಡಿಯೋ ಮಾತಲ್ಲ. 2019ರ ಮಾರ್ಚ್‌ನಾಗ ಧಾರವಾಡದ ಕುಮಾರೇಶ್ವರ ನಗರದಾಗ ಕಟ್ಟಾಕತ್ತಿದ್ದ ಬಿಲ್ಡಿಂಗ್ ಕುಸಿದು 19 ಮಂದಿ ಹೋದ್ರು, ಆವಾಗ ಮಾಲಕರ ಜೋಡಿ ಎಂಜಿನಿಯರ್ ಮ್ಯಾಲೂ ಕೇಸ್ ಬಿತ್ತು. ಸಮುದಾಯ ಭವನ ಅಂದ್ರ ಮದುವಿ ದಿನ ಒಳಗ ಮುನ್ನೂರು ನಾನೂರು ಮಂದಿ ಇರ್ತಾರ.

ಮತ್ತ ನಿಮ್ಮದು ರೋಣದ ಕಡೆ, ಬಹಳಷ್ಟು ಎರಿ (ಕಪ್ಪು ಮಣ್ಣಿನ) ಭೂಮಿ. ಮಳಿಗೆ ಉಬ್ಬತದ, ಬ್ಯಾಸಗಿಗೆ ಕೈ ಹೋಗೋವಷ್ಟು ಬಿರಿತದ, ಧಾರವಾಡದ ಮಸಾರಿ (ಕೆಂಪು) ಮಣ್ಣಾಗ ಹಾಕಿದ ಪಾಯಾನ ಅಲ್ಲಿ ಕಾಪಿ ಹೊಡದ್ರ ಎರಡು ಮಳಿಗಾಲದಾಗ ಗ್ವಾಡಿ ಮೂಲಿಯಿಂದ ಮೂಲಿಗೆ ಸೀಳತದ. ಮಣ್ಣ ಟೆಸ್ಟ್ ಮಾಡಿಸದ ಯಾರ್ ಡ್ರಾಯಿಂಗ್ ಕೊಟ್ರೂ ಹಿರ್ಯಾರಿಗೆ ತಗೋಬ್ಯಾಡ್ರಿ ಅಂತ ಹೇಳ್ರಿ. (ಪಟ್ಟಿ ಎತ್ತಿದ ರೊಕ್ಕದಾಗ ಕಮಾನಿಗೆ ತೆಗದಿಡೋದ್ರಾಗ ಕಾಲುಭಾಗ ಇದಕ್ಕ ಸಾಕು, ಆದ್ರ ಕಮಾನಿನ ಮ್ಯಾಲೆ ಹೆಸರು ಕೆತ್ತಿಸಬಹುದು ನೋಡ್ರಿ, ಮಣ್ಣ ಟೆಸ್ಟಿನ ಮ್ಯಾಲೆ ಕೆತ್ತಿಸಾಕ ಬರೂದಿಲ್ಲ.)

ಹಂಗಂತ ಊರಿಗೆ ಬೆನ್ನ ತೋರಿಸಬ್ಯಾಡ್ರಿ. ಡಿಸೈನ್ ಬಲ್ಲ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಊರವ್ರು ಫೀಸ್ ಕೊಟ್ಟು ಮಾಡಿಸ್ಲಿ, ನಿಮಗ ಬರೋದು ಸೈಟ್, ಅದನ್ನ ಪುಕ್ಕಟೆ ಕೊಡ್ರಿ. ಕಾಂಕ್ರೀಟ್ ಹಾಕೂ ಹಿಂದಿನ ದಿನ ಹೋಗಿ ಡ್ರಾಯಿಂಗ್ ಹಿಡದು ರಾಡ್ ಎಣಸ್ರಿ, ರಾಡ್ ಕೆಳಗ ಕಾಂಕ್ರೀಟ್ ಹೋಗಾಕ ಸಂದು ಬಿಡೋ ಕವರ್ ಬ್ಲಾಕ್ ಇಟ್ಟಾರೊ ಇಲ್ಲೊ ನೋಡ್ರಿ, ಅದ ಕಾಂಕ್ರೀಟಿನ ಮಾದರಿ ಕ್ಯೂಬ್ ತುಂಬಿಸಿ 28 ದಿನಕ್ಕ ಟೆಸ್ಟ್ ಮಾಡಿಸ್ರಿ. ಈಗ ಮಾರ್ಕೆಟ್‌ನಾಗ ಬರೋದು ಬಹುಪಾಲು ಪಿಪಿಸಿ (ಹಾರುಬೂದಿ ಬೆರಸಿದ) ಸಿಮೆಂಟ್, ಅದಕ್ಕ ಕಮ್ಮಿ ಅಂದ್ರೂ 10 ದಿನ ನೀರು ಹೊಡೀಬೇಕಂತ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳ್ತದ, ನಾಕನೇ ದಿನಕ್ಕ ಗೌಂಡಿ ಕೈ ಬಿಡ್ತಾನ, ಅಲ್ಲೆ ನಿಮ್ಮಂಥವ್ರು ಬೇಕು. ಒಂದು ಮಾತು, "ನಾ ಸೈಟ್ ನೋಡಿ ಸಲಹೆ ಕೊಡಾವ, ಡಿಸೈನ್ ನಂದಲ್ಲ" ಅಂತ ಕಮಿಟಿಗೆ ಒಂದು ಪತ್ರ ಬರದು ಕೊಟ್ಟು ಕಾಪಿ ಇಟ್ಕೋರಿ. ಹಿರ್ಯಾರು ಸಿಟ್ಟಾಗಬಹುದು, ಆಗ್ಲಿ ಬಿಡ್ರಿ.

ಪ್ರಶ್ನೆ: ನಂದು ಬಿಇ ಎಲೆಕ್ಟ್ರಿಕಲ್. ನಮ್ಮ ಓಣಿ ಗಣಪತಿ ಪೆಂಡಾಲ್ ವೈರಿಂಗ್ ಈ ಸಲ ನಾನ ಮಾಡ್ತೀನಿ ಅಂದೀನಿ. ಡಿಗ್ರಿ ಸಾಕಲ್ರೀ?
ಓದುಗ, ಹಾವೇರಿ

ಉತ್ತರ: ಸಾಕಾಗೂದಿಲ್ರೀ. ವೈರಿಂಗಿಗೆ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟೊರೇಟ್ ಕಡೆಯ ಕಾಂಟ್ರ್ಯಾಕ್ಟರ್ ಲೈಸೆನ್ಸ್, ಪರ್ಮಿಟ್ ಬ್ಯಾರೆ ಇರ್ತಾವ, ಡಿಗ್ರಿ ಅದರ ಬದ್ಲಿ ನಡಿಯೂದಿಲ್ಲ. ಲೈಸೆನ್ಸ್ ಇದ್ದವ್ರ ಕಡೆ ಮಾಡಿಸ್ರಿ, ಹೆಸ್ಕಾಂನಿಂದ ಟೆಂಪರರಿ ಕನೆಕ್ಷನ್ ತಗೋರಿ, ಕಂಬಕ್ಕ ಕೊಕ್ಕಿ ಹಾಕೋ ಹುಡುಗರನ್ನ ದೂರ ಇಡ್ರಿ. ನೀವು ಜೋಡಿ ನಿಂತು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಬಂದ್ ಆಗೋ ಸ್ವಿಚ್) ಹಾಕ್ಯಾರೊ, ಅರ್ಥಿಂಗ್ ಖರೇನ ಐತೊ ನೋಡ್ರಿ, ತಗಡಿನ ಪೆಂಡಾಲಿಗೆ ಮಳಿ ಬಿದ್ದ ರಾತ್ರಿ ಅದ ಜೀವ ಉಳಸೋದು.

ಪ್ರಶ್ನೆ: ಇನ್ನೂ ಥರ್ಡ್ ಇಯರ್ ಸಿವಿಲ್. ಲೈಸೆನ್ಸೂ ಇಲ್ಲ, ಅನುಭವಾನೂ ಇಲ್ಲ. ನಮ್ಮಂಥವ್ರು ಏನ್ ಸೇವಾ ಮಾಡಬಹುದು ಸರ್?
ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಸಾಲಿ ಮಾಳಗಿ ನೀರು ಹಿಡಿಯೋ ಕೆಲಸ ಮಾಡವಾ. ಒಂದು ಚದರ ಮೀಟರ್ ಮ್ಯಾಲೆ ಒಂದು ಮಿಲಿಮೀಟರ್ ಮಳಿ ಬಿದ್ರ ಒಂದು ಲೀಟರ್, 100 ಚದರ ಮೀಟರ್ ಮಾಳಗಿಗೆ ವರ್ಷಕ್ಕ 600 ಮಿಲಿಮೀಟರ್ ಮಳಿ ಹಿಡದು ಐದನೇ ಒಂದು ಪಾಲು ಪೋಲು ತೆಗದ್ರೂ 48,000 ಲೀಟರ್ ಆಗ್ತದ. ಅಳತಿ ತಗೊಂಡು, ಮೊದಲ ಮಳಿ ನೀರು ಹೊರಗ ಬಿಡೋ ಪೈಪ್ ಸೇರಿಸಿ ಒಂದು ಪ್ಲ್ಯಾನ್ ಬರೀರಿ, ನಿಮ್ಮ ಲೆಕ್ಚರರ್‌ಗೆ ತೋರಿಸ್ರಿ, ಆಮ್ಯಾಲೆ ಎಸ್‌ಡಿಎಂಸಿ (ಸಾಲಿ ಅಭಿವೃದ್ಧಿ ಸಮಿತಿ) ಮುಂದ ಇಡ್ರಿ. ಟಾಕಿ ಮಾಳಗಿ ಮ್ಯಾಲೆ ಇಡೋ ವಿಚಾರ ಬಂದ್ರ ಮಾತ್ರ ಭಾರ ತಡೀತದೊ ಇಲ್ಲೊ ಇಲಾಖೆ ಎಂಜಿನಿಯರ್‌ನ ಕೇಳದ ಮುಂದ ಹೋಗಬ್ಯಾಡ್ರಿ, ನೆಲದ ಮ್ಯಾಲಾದ್ರ ಆ ತ್ರಾಸಿಲ್ಲ. ಫಿಲ್ಟರ್ ವರ್ಷಾ ತೊಳಿಯೋರು ಯಾರು ಅನ್ನೋದನ್ನ ಹೆಡ್‌ಮಾಸ್ತರ ಕಡಿಂದ ಮೊದ್ಲ ಬರಸ್ಕೊಂಡ್ ಬರ್ರಿ.