ಆಯಿಲ್ ಪೇಂಟಿಂಗ್‌ನಲ್ಲಿ ಒರಟುತನ ತರಲು ಬಣ್ಣ ದಪ್ಪಗೆ ಮೆತ್ತಲೇಬೇಕೆ?

ಈ ಪ್ರಶ್ನೆಗೆ ತುಪ್ಪಳವನ್ನೂ ಹಳೇ ಗೋಡೆಯನ್ನೂ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಗೋಡೆಗೆ ದಪ್ಪ ಬಣ್ಣ ಒಗ್ಗುತ್ತದೆ, ತುಪ್ಪಳಕ್ಕೆ ಬೇಡ. ಫ್ಲೆಮಿಶ್ ಚಿತ್ರಕಾರ ಯಾನ್ ವಾನ್ ಐಕ್ 1434ರಲ್ಲಿ ಬರೆದ ಅರ್ನೊಲ್ಫಿನಿ ದಂಪತಿಯ ಚಿತ್ರದಲ್ಲಿ ತುಪ್ಪಳದ ಅಂಚು, ನಾಯಿಯ ಕೂದಲು, ಹಿತ್ತಾಳೆಯ ದೀಪಗುಚ್ಛ ಎಲ್ಲ ಇವೆ. ಆದರೂ ಬಣ್ಣದ ಮೇಲ್ಮೈ ನುಣುಪು. ಇದಕ್ಕೆ ಉಲ್ಟಾ, ಡಚ್ ಚಿತ್ರಕಾರ ರೆಂಬ್ರಾಂಟ್‌ನ 'ಯಹೂದಿ ವಧು' ಚಿತ್ರದಲ್ಲಿ ಗಂಡಸಿನ ಅಂಗಿಯ ಹೊಂಬಣ್ಣದ ತೋಳಿನ ಬಣ್ಣ ನಿಜಕ್ಕೂ ಉಬ್ಬಿ ನಿಂತಿದೆ.

ಕಣ್ಣಿಗಷ್ಟೇ ಕಾಣುವ ಒರಟುತನ ಹುಟ್ಟುವುದು ಬೆಳಕು ನೆರಳಾಗಿ ತಿರುಗುವ ಪಟ್ಟಿಯಲ್ಲಿ. ಹೊಸಬರು ಕೂದಲನ್ನು ಎಲ್ಲೆಡೆ ಒಂದೇ ಸಮ ಎಳೆಯುತ್ತಾರೆ, ಅದು ಪೊರಕೆಯಂತೆ ಕಾಣುತ್ತದೆ. ಮೊದಲು ಕೂದಲಿನ ರಾಶಿಯನ್ನು ಬೆಳಕು, ನಡು, ನೆರಳು ಎಂಬ ಮೂರು ಛಾಯೆಗಳಲ್ಲಿ ಕೂರಿಸಿ. ಬಣ್ಣ ಹಸಿಯಿರುವಾಗಲೇ ಒಣ ಬ್ರಷ್‌ನಿಂದ ಅಂಚನ್ನು ಹೊರಕ್ಕೆ ಎಳೆಯಿರಿ. ಎಳೆಗಳನ್ನು ಆ ಮಧ್ಯದ ಪಟ್ಟಿಯಲ್ಲಿ ಮಾತ್ರ ಬಿಡಿಸಿ, ಗಾಢ ನೆರಳನ್ನು ಹಾಗೇ ಬಿಡಿ. ಲೋಹಕ್ಕೆ ಕಡುಗಪ್ಪಿನ ಪಕ್ಕದಲ್ಲೇ ಚೂಪಾದ ಬಿಳಿ ಚುಕ್ಕೆ ಬೇಕು. ಉಣ್ಣೆಗೆ ಅಂಥ ಹೊಳಪು ಇಟ್ಟರೆ ಕೆಟ್ಟಿತು.

ಇನ್ನು ಗೋಡೆ. ಟ್ಯೂಬಿನ ಬಣ್ಣ ಸಡಿಲವಿದ್ದರೆ ಅರ್ಧ ಗಂಟೆ ಹೀರುಕಾಗದದ ಮೇಲಿಡಿ, ಹೆಚ್ಚಿನ ಎಣ್ಣೆ ಇಳಿದು ಗಟ್ಟಿಯಾಗುತ್ತದೆ. ಪ್ಯಾಲೆಟ್ ನೈಫ್‌ನಲ್ಲಿ (ಬಣ್ಣ ಬೆರೆಸುವ ಚಪ್ಪಟೆ ಚಾಕು) ಒಂದೆರಡು ಮಿಲಿಮೀಟರ್ ಮೆತ್ತಿ. ಇನ್ನೂ ಎತ್ತರ ಬೇಕಾದರೆ ಅದು ಒಣಗಿದ ಮೇಲೆ ಮತ್ತೊಂದು ಪದರ. ಎಣ್ಣೆಬಣ್ಣ ನೀರಿನಂತೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಹಾಗಾಗಿ ಒಂದೇ ಸಲಕ್ಕೆ ಗುಡ್ಡೆ ಹಾಕಿದರೆ ಮೇಲೆ ಕೆನೆ ಕಟ್ಟಿ, ಒಳಗೆ ಹಸಿ ಉಳಿದು ಸುಕ್ಕುಗಟ್ಟುತ್ತದೆ. ಲಿನ್ಸೀಡ್ (ಅಗಸೆ) ಎಣ್ಣೆ ಸುರಿದರೆ ಸುಕ್ಕು ಇನ್ನೂ ಹೆಚ್ಚು, ಜೊತೆಗೆ ಹಳದಿಯೂ ಆಗುತ್ತದೆ. ದಪ್ಪವಾಗಿಸಲು ಆಲ್ಕಿಡ್ ಜೆಲ್ (ಬೇಗ ಒಣಗುವ ರಾಳದ ಜೆಲ್) ವಾಸಿ. ಅಮೃತಶಿಲೆಯ ಪುಡಿಯನ್ನೂ ಬೆರೆಸಬಹುದು, ಆದರೆ ಅತಿಯಾದರೆ ಕಣಗಳನ್ನು ಹಿಡಿದಿಡಲು ಎಣ್ಣೆ ಸಾಲದೆ ಉದುರುತ್ತದೆ. ಝಿಂಕ್ ವೈಟ್ (ಸತುವಿನ ಬಿಳಿ ಬಣ್ಣ) ಪೆಡಸು, ದಪ್ಪ ಪದರಕ್ಕೆ ಬೇಡ. ಬಾಗುವ ಕ್ಯಾನ್ವಾಸಿಗಿಂತ ಹಲಗೆ ಒಳ್ಳೆಯದು.

ಪದರ ಗಟ್ಟಿಯಾದ ಮೇಲೆ, ಅಂದರೆ ಕೆಲವು ವಾರಗಳ, ದಪ್ಪವಿದ್ದರೆ ಕೆಲವು ತಿಂಗಳ ನಂತರ, ಬರ್ನ್ಟ್ ಅಂಬರ್ ಎಂಬ ಕಡು ಕಂದಿನ ತೆಳು ಗ್ಲೇಜ್ (ಪಾರದರ್ಶಕ ಲೇಪ) ಹಚ್ಚಿ ಬಟ್ಟೆಯಿಂದ ಒರೆಸಿ. ಕಂದು ತಗ್ಗಿನಲ್ಲಿ ಉಳಿಯುತ್ತದೆ, ಏಣು (ಉಬ್ಬಿದ ಭಾಗ) ಬೆಳ್ಳಗೆ ಕಾಣುತ್ತದೆ. ಅವಸರ ಮಾಡಿದರೆ ಬಟ್ಟೆ ಕೆನೆಯನ್ನೇ ಕಿತ್ತುಕೊಂಡು ಬರುತ್ತದೆ. ಬಣ್ಣ ಹೆಚ್ಚುಕಡಿಮೆ ಖಾಲಿಯಾದ ಬ್ರಷ್ಷನ್ನು ಅಡ್ಡಲಾಗಿ ಸವರಿದರೆ ಏಣುಗಳಿಗೆ ಮಾತ್ರ ಬಣ್ಣ ಹತ್ತುತ್ತದೆ; ನನ್ನ ಮಟ್ಟಿಗೆ ಸುಣ್ಣ ಕಿತ್ತ ಗೋಡೆಗೆ ಇದಕ್ಕಿಂತ ಸುಲಭದ ದಾರಿಯಿಲ್ಲ.

ಒಂದನ್ನು ಮಾತ್ರ ಮರೆಯಬೇಡಿ: ದಪ್ಪ ಬಣ್ಣ ಬೆಳಕಿನ ಭಾಗಕ್ಕೆ, ನೆರಳಿಗೆ ತೆಳು ಬಣ್ಣ. ನೆರಳಿನಲ್ಲಿ ಏಣು ಎದ್ದರೆ ಕೋಣೆಯ ಬೆಳಕು ಅದಕ್ಕೆ ಬಡಿದು ಮಿನುಗುತ್ತದೆ, ಚಿತ್ರದೊಳಗಿನ ಆಳ ಅಲ್ಲಿಗೇ ಹೋಯಿತು. ಬಣ್ಣ ಹಸಿಯಿರುವಾಗಲೇ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ, ಬೇಡದ ಏಣನ್ನು ಆಗಲೇ ಕೆರೆದುಬಿಡಿ. ಒಣಗಿದ ಮೇಲೆ ಅದರ ಮೇಲೆ ಏನು ಬರೆದರೂ ಅದು ಎದ್ದೇ ಕಾಣುತ್ತದೆ.