ಕಣ್ಣಿನೊಳಗಿನ ಉರಿಯೂತಕ್ಕೆ ಪಿಸಿಆರ್ ಪರೀಕ್ಷೆ ಯಾಕೆ?

ಕಣ್ಣು ಕೆಂಪಾಗಿ ನೋಟ ಮಂಜಾದರೆ ಕಣ್ಣಿನೊಳಗಿನ ನೀರು ತೆಗೆದು ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿಸುವುದು ಯಾಕೆ ಅಂತ ಕೇಳಿದ್ದೀರಿ. ನೋಡಲು ಒಂದೇ ಥರ ಕಂಡರೂ ಕಾರಣ ಬೇರೆ ಇರಬಹುದು, ಅಲ್ವಾ? ದೇಹದ ರೋಗನಿರೋಧಕ ಶಕ್ತಿಯೇ ಎಡವಟ್ಟು ಮಾಡಿದ್ದರೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಬೇಕು. ಒಳಗೆ ಹರ್ಪಿಸ್ ವೈರಸ್ ಇದ್ದರೆ ಬರೀ ಸ್ಟೀರಾಯ್ಡ್‌ನಿಂದ ಸೋಂಕು ಜಾಸ್ತಿಯಾಗಬಹುದು.

ಸಣ್ಣ ಸೂಜಿಯಿಂದ ಸುಮಾರು 0.1 ಮಿಲಿ ನೀರು ತೆಗೆಯುತ್ತಾರೆ. ಮೊದಲೇ ಮರಗಟ್ಟಿಸುವ ಹನಿ ಹಾಕಿರುತ್ತಾರೆ, ಸುಮ್ನೆ ಹೆದರಬೇಡಿ. ತೆಗೆದ ಆ ನೀರಿನಲ್ಲಿ ರೋಗಾಣುವಿನ ಡಿಎನ್‌ಎ ಚೂರೇ ಇದ್ದರೂ ಪಿಸಿಆರ್ ಅದನ್ನು ಕೋಟಿಗಟ್ಟಲೆ ಪ್ರತಿ ಮಾಡಿ ತೋರಿಸುತ್ತದೆ. ಆದರೆ ಹುಡುಕಿದ್ದು ಮಾತ್ರ ಸಿಗುತ್ತದೆ: ಹರ್ಪಿಸ್‌ಗೆ ಮಾಡಿದ ಪರೀಕ್ಷೆ ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯನ್ನು ಹಿಡಿಯುವುದಿಲ್ಲ. ನೆಗೆಟಿವ್ ಬಂದರೂ ಸೋಂಕಿಲ್ಲ ಎನ್ನಲಾಗದು. ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಬೇಗ ಹಾಳಾಗುತ್ತಿದ್ದರೆ ವೈದ್ಯರು ವರದಿಗೆ ಕಾಯದೆ ವೈರಸ್ ವಿರುದ್ಧದ ಔಷಧಿ ಶುರು ಮಾಡುತ್ತಾರೆ.