ಹಳೆಯ ಇನ್ಸರ್ಟ್ ಒಲೆ: ಮೊದಲು ಚಿಮಣಿ ನೋಡಿ, ಆಮೇಲೆ ದುಡ್ಡು ಕೊಡಿ

ಪ್ರಶ್ನೆ: ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಮನೆ 1962ರದ್ದು. ಹಾಲ್‌ನ ಹೊರಗೋಡೆಗೆ ಇಟ್ಟಿಗೆಯ ಫೈರ್‌ಪ್ಲೇಸ್ ಇದೆ. ಬೆಂಕಿ ನೋಡೋಕೆ ಚೆಂದ, ಆದರೆ ಮನೆ ಬೆಚ್ಚಗಾಗುವುದೇ ಇಲ್ಲ. ಪರಿಚಯದವರೊಬ್ಬರು ತಮ್ಮ ಹಳೆಯ ಇನ್ಸರ್ಟ್ ಒಲೆಯನ್ನು (ಫೈರ್‌ಪ್ಲೇಸ್ ಗೂಡಿನೊಳಗೆ ಕೂರಿಸುವ, ಬಾಗಿಲಿರುವ ಸೌದೆ ಒಲೆ) 400 ಡಾಲರ್‌ಗೆ ಕೊಡುತ್ತಾರಂತೆ. ಅವರ ಮನೆಯಲ್ಲಿ ಅದನ್ನು ಸುಮ್ನೆ ಫೈರ್‌ಪ್ಲೇಸ್ ಒಳಗೆ ತಳ್ಳಿ ಇಟ್ಟಿದ್ದರು, ಕೊಳವೆ ಗಿಳವೆ ಏನೂ ಇರಲಿಲ್ಲ. ನಾನು ಊರಲ್ಲಿ ಬಚ್ಚಲೊಲೆ ಉರಿಸಿ ಬೆಳೆದವನು. ಇಬ್ಬರು ಗೆಳೆಯರನ್ನು ಕರೆದು ನಾವೇ ಕೂರಿಸಿಕೊಳ್ಳಬಹುದಾ?

ಉತ್ತರ: ಕೂರಿಸಬಹುದು. ಆದರೆ ಅವರು ಕೂರಿಸಿದ್ದ ಹಾಗೆ ಖಂಡಿತ ಬೇಡ.

1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ಸೌದೆ ಒಲೆಗಳಿಗೆ ಬೇಡಿಕೆ ಏರಿತು. ಆಗ ಎಷ್ಟೋ ಜನ ಇನ್ಸರ್ಟ್ ತಂದು ಫೈರ್‌ಪ್ಲೇಸ್‌ನ ಬಾಯಿಗೆ ತುರುಕಿದರು. ಚಿಮಣಿ ಕೆಲಸದವರು ಇದನ್ನು ‘ಸ್ಲ್ಯಾಮರ್’ ಅಂತಾರೆ. ತೊಂದರೆ ಏನೆಂದರೆ, ತೆರೆದ ಬೆಂಕಿಯ ಚಿಮಣಿ ತುಂಬಾ ಅಗಲ, ಮುಚ್ಚಿದ ಒಲೆಯಿಂದ ಬರುವ ಹೊಗೆ ಸ್ವಲ್ಪ. ಅದು ನಿಧಾನವಾಗಿ ಏರುತ್ತಾ ತಣ್ಣಗಾಗಿ ಗೋಡೆಗೆ ಟಾರಿನಂತೆ ಅಂಟಿಕೊಳ್ಳುತ್ತದೆ. ಇದೇ ಕ್ರಿಯೋಸೋಟ್. ಗುಡಿಸೋಣ ಅಂದರೆ ಇನ್ನೂರು ಕಿಲೋದ ಒಲೆಯನ್ನು ಹೊರಗೆ ಎಳೆಯಬೇಕು, ಯಾರು ಎಳೀತಾರೆ? ಒಂದು ದಿನ ಆ ಕ್ರಿಯೋಸೋಟ್‌ಗೇ ಕಿಡಿ ತಗಲುತ್ತದೆ.

ಬಚ್ಚಲೊಲೆಯ ಅನುಭವ ಸೌದೆ ಒಟ್ಟೋದಕ್ಕೆ ಖಂಡಿತ ಬರುತ್ತದೆ. ಆದರೆ ಅಲ್ಲಿ ಹೊಗೆ ಹಂಚಿನ ಸಂದಿಯಲ್ಲಿ ಹೋಗುತ್ತಿತ್ತು. ಹೆಚ್ಚೆಂದರೆ ತಲೆ ಮೇಲೆ ಇಲ್ಲಣ ಬೀಳುತ್ತಿತ್ತು, ಅಷ್ಟೇ. ನಿಮ್ಮ ಈಗಿನ ಮನೆಯಲ್ಲಿ ಚಿಮಣಿಯ ಇಟ್ಟಿಗೆಯ ಆಚೆಗೆ ಮರದ ಚೌಕಟ್ಟು ಇರುತ್ತದೆ.

ಹಾಗಾಗಿ ಮೊದಲ ಖರ್ಚು ಚಿಮಣಿಗೆ. ಅಮೆರಿಕದ ಎನ್‌ಎಫ್‌ಪಿಎ 211 ಎಂಬ ಚಿಮಣಿ ಸುರಕ್ಷತಾ ನಿಯಮಾವಳಿಯ ಪ್ರಕಾರ ಒಲೆ ಬದಲಾದಾಗ ‘ಲೆವೆಲ್ 2’ ತಪಾಸಣೆ ಆಗಬೇಕು. ಸಾಮಾನ್ಯವಾಗಿ ಒಳಗೆ ಕ್ಯಾಮೆರಾ ಇಳಿಸಿ ನೋಡುತ್ತಾರೆ. ನಿಮ್ಮದು ನಿಜಕ್ಕೂ ಇಟ್ಟಿಗೆಯದೇ ಅಂತಲೂ ಖಚಿತ ಮಾಡಿಕೊಳ್ಳಿ. ಮುಂದೆ ಮಾತ್ರ ಇಟ್ಟಿಗೆ, ಒಳಗೆಲ್ಲ ಕಾರ್ಖಾನೆಯಲ್ಲಿ ಮಾಡಿದ ತಗಡಿನ ಫೈರ್‌ಪ್ಲೇಸ್ ಅಂತಾದರೆ, ಅದಕ್ಕೆ ಈ ಇನ್ಸರ್ಟ್ ಹೊಂದುತ್ತದೆ ಎಂದು ತಯಾರಕರೇ ಬರೆದಿರಬೇಕು. ಇಲ್ಲದಿದ್ದರೆ ಅಲ್ಲಿಗೇ ಬಿಡಿ.

ಲೆಕ್ಕ ಒಂದು ಸಲ ನೋಡಿ. ಒಲೆಯ ಹೊಗೆಬಾಯಿ 6 ಇಂಚು ಅಂದರೆ ವಿಸ್ತೀರ್ಣ ಸುಮಾರು 28 ಚದರ ಇಂಚು. ಹೊರಗೋಡೆಯ ಚಿಮಣಿಯಾದರೆ ಅದರ ಒಳಗಿನ ವಿಸ್ತೀರ್ಣ ಇದರ ಎರಡು ಪಟ್ಟು, ಅಂದರೆ 56 ಚದರ ಇಂಚಿಗಿಂತ ದೊಡ್ಡದಿರಬಾರದು. ಮನೆಯ ಒಳಗಿನ ಚಿಮಣಿಯಾದರೆ ಮೂರು ಪಟ್ಟು. ಫೈರ್‌ಪ್ಲೇಸ್ ಚಿಮಣಿಗಳು ಈ ಲೆಕ್ಕದಲ್ಲಿ ಪಾಸಾಗುವುದು ಅಪರೂಪ. ಪರಿಹಾರ ಸ್ಟೇನ್‌ಲೆಸ್ ಸ್ಟೀಲ್ ಲೈನರ್. ಒಲೆಯ ಹೊಗೆಬಾಯಿಂದ ಚಿಮಣಿಯ ತುದಿವರೆಗೂ ಒಂದೇ ಕೊಳವೆ. ನಿಮ್ಮದು ಹೊರಗೋಡೆ ತಾನೇ, ಅದಕ್ಕೆ ಶಾಖ ತಡೆಯುವ ಹೊದಿಕೆಯೂ ಬೇಕು, ಇಲ್ಲದಿದ್ದರೆ ಚಳಿಗೆ ಹೊಗೆ ಮತ್ತೆ ತಣ್ಣಗಾಗುತ್ತದೆ. ಡ್ಯಾಂಪರ್ (ಚಿಮಣಿಯ ಬುಡದಲ್ಲಿ ತೆರೆದು ಮುಚ್ಚುವ ತಗಡಿನ ಬಾಗಿಲು) ಇರುವ ಕಡೆ ಕಿಂಡಿ ಇಕ್ಕಟ್ಟಾಗಿರುವುದರಿಂದ ಅದನ್ನು ಕೊಯ್ಯಬೇಕಾಗಬಹುದು. ಕೊಳವೆ ಸುತ್ತಲಿನ ಸಂದನ್ನು ತಗಡಿನಿಂದ ಮುಚ್ಚಿಸಿ. ಬೇಕಾದಷ್ಟು ಜನ ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಬಿಸಿಯೆಲ್ಲ ಮೇಲೆ ಹೋಯ್ತು ಅಂತ ಗೊಣಗುತ್ತಾರೆ. ಇಷ್ಟಕ್ಕೆಲ್ಲ ಆ 400 ಡಾಲರ್‌ಗಿಂತ ಜಾಸ್ತಿಯೇ ಆಗುತ್ತದೆ.

ಇನ್ನು ಒಲೆ. ಅದರ ಮೈಮೇಲೆ ಲೋಹದ ಪಟ್ಟಿ ಇದೆಯಾ ನೋಡಿ. ಪರೀಕ್ಷೆ ಮಾಡಿದ ಸಂಸ್ಥೆ, ಮಾದರಿ, ಸುತ್ತ ಬಿಡಬೇಕಾದ ಅಂತರ ಎಲ್ಲ ಅದರಲ್ಲಿರುತ್ತದೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹೊಗೆಯ ಮಿತಿ ತಂದದ್ದು 1988ರಲ್ಲಿ. ಅದಕ್ಕೂ ಹಳೆಯ ಒಲೆಗಳು ಸೌದೆ ತಿನ್ನುತ್ತವೆ, ಹೊಗೆ ಕಾರುತ್ತವೆ. ವಾಷಿಂಗ್ಟನ್, ಒರೆಗಾನ್ ರಾಜ್ಯಗಳಲ್ಲಿ ಪ್ರಮಾಣೀಕರಿಸದ ಒಲೆ ಮಾರುವಂತೆಯೇ ಇಲ್ಲ. ಪಟ್ಟಿಯೂ ಇಲ್ಲ, ಕೈಪಿಡಿಯೂ ಇಲ್ಲ ಅಂದರೆ ಪುಕ್ಕಟೆ ಕೊಟ್ಟರೂ ಬೇಡ.

ಪಟ್ಟಿ ಇದ್ದರೆ, ಕತ್ತಲಾದ ಮೇಲೆ ಒಲೆಯೊಳಗೆ ಜೋರಾದ ಟಾರ್ಚ್ ಇಟ್ಟು ಬಾಗಿಲು ಹಾಕಿ. ಬೆಸುಗೆಯಲ್ಲಿ, ಮೂಲೆಯಲ್ಲಿ ಬೆಳಕು ಇಣುಕಿದರೆ ಬಿರುಕಿದೆ ಎಂದರ್ಥ. ಬಾಗಿಲಲ್ಲಿ ಒಂದು ಡಾಲರ್ ನೋಟು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ಬಾಗಿಲ ಸುತ್ತ ಗಾಳಿ ನುಸುಳದಂತೆ ತಡೆಯುವ ಹಗ್ಗ ಸತ್ತಿದೆ. ಅದೂ, ಒಳಗಿನ ಬೆಂಕಿ ಇಟ್ಟಿಗೆಯೂ ಅಗ್ಗದ ರಿಪೇರಿ, ಚಿಂತೆ ಬೇಡ. ಒಲೆಯೊಳಗೆ ಬೆಂಕಿಯ ಮೇಲೆ ಹೊಗೆಗೆ ಅಡ್ಡಲಾಗಿರುವ ಪಟ್ಟಿ ಸೊಟ್ಟಗಾಗಿದ್ದರೆ ಮಾತ್ರ ಬಿಡಿಭಾಗ ಸಿಗುತ್ತದಾ ಅಂತ ಕೇಳಿಯೇ ಚೌಕಾಸಿಗೆ ಇಳಿಯಿರಿ.

ಒಲೆಯ ಬಾಗಿಲ ಮುಂದೆ ಕನಿಷ್ಠ 16 ಇಂಚು ಸುಡದ ನೆಲ ಬೇಕು. ಇನ್ಸರ್ಟ್ ಮುಂದಕ್ಕೆ ಚಾಚುವ ಜಾತಿಯದಾದರೆ ಅಳತೆ ಅಲ್ಲಿಂದ ಶುರು. ಕೈಪಿಡಿ ಹೆಚ್ಚು ಕೇಳಿದರೆ ಅದೇ ಸರಿ. ಮ್ಯಾಸಚೂಸೆಟ್ಸ್‌ನಲ್ಲಿ ಸೌದೆ ಒಲೆ ಕೂರಿಸಲು ಊರಿನ ಕಟ್ಟಡ ವಿಭಾಗದ ಪರ್ಮಿಟ್ ಬೇಕು. ಮನೆ ವಿಮೆಯವರಿಗೂ ತಿಳಿಸಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಮೊದಲ ಕಡ್ಡಿ ಗೀರಬೇಡಿ. ಗೆಳೆಯರ ಸಹಾಯ ಒಲೆ ಹೊರುವುದಕ್ಕೆ ಇರಲಿ, ಲೈನರ್ ಇಳಿಸುವ ಕೆಲಸ ಬಲ್ಲವರದ್ದು.

ಸೌದೆ ಈಗಲೇ ಸೀಳಿ ಒಟ್ಟಿ, ಮೇಲೆ ಮಾತ್ರ ಮುಚ್ಚಿ, ಪಕ್ಕಕ್ಕೆ ಗಾಳಿ ಆಡಲಿ. ತೇವ 20 ಶೇಕಡಾಕ್ಕಿಂತ ಕಡಿಮೆ ಇರಬೇಕು. ಈ ವರ್ಷ ಕಡಿದ ಓಕ್ ಈ ಚಳಿಗಾಲಕ್ಕೆ ಆಗೋದಿಲ್ಲ.